ಓಣಿಗೆ ನೀರು ಬಿಟ್ಟವರೇ ಓಣಿಯ ಮೆಂಬರು

ಬೆಳಕು ಇನ್ನೂ ಹರಿದಿಲ್ಲ. ಬಸ್ ಡಿಪೋದ ಅಂಗಳದಲ್ಲಿ ಸಾಲಾಗಿ ನಿಂತ ಬಸ್ಸುಗಳ ಪೈಕಿ ಮೊದಲನೆಯದರ ಚಾಲಕನ ಬಾಗಿಲು ತೆರೆದು, ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಮೇಲೆ ಹತ್ತುತ್ತಾರೆ. ಸೀಟಿನಲ್ಲಿ ಕೂರುವುದಿಲ್ಲ, ನಿಂತೇ ಕೈ ಚಾಚಿ ಹಾರ್ನ್ ಒತ್ತುತ್ತಾರೆ. ಒಮ್ಮೆ ಉದ್ದಕ್ಕೆ, ತುಸು ತಡೆದು ಮತ್ತೊಮ್ಮೆ. ಬಳಿಕ ಕೆಳಗಿಳಿದು ಅಂಗಳದ ಅಂಚಿನ ಗೋಡೆಯ ಮೇಲಿಂದ ಬಗ್ಗಿ ನೋಡುತ್ತಾರೆ. ಗೋಡೆಯ ಕೆಳಗೆ, ಎರಡಾಳು ಆಳದಲ್ಲಿ, ಇಕ್ಕಟ್ಟಾದ ಓಣಿಯೊಂದು ಮಲಗಿದೆ. ಅಲ್ಲಿ ಇಸ್ತ್ರಿ ಅಂಗಡಿಯ ದೀಪ ಹತ್ತುತ್ತದೆ. ಹೊಸ್ತಿಲ ಬಳಿಯಿದ್ದ ಚಪ್ಪಲಿ, ಕಾಲೊರಸು, ಇದ್ದಿಲಿನ ಚೀಲಗಳು ಒಂದೊಂದಾಗಿ ಒಳಗೆ ಸರಿಯುತ್ತವೆ. ಎಲ್ಲವೂ ಸರಿದವೆಂದು ಖಾತ್ರಿಯಾದ ಮೇಲೆಯೇ ಈ ಹೆಂಗಸು ನೀರಿನ ಚಕ್ರ ತಿರುಗಿಸಿ ಪೈಪು ಎತ್ತಿಕೊಳ್ಳುತ್ತಾರೆ. ಬಸ್ಸಿನ ಮೈಮೇಲೆ ಬಿದ್ದ ನೀರು ಧೂಳು, ಎಣ್ಣೆ, ಮಸಿಗಳನ್ನೆಲ್ಲ ಹೊತ್ತು, ಇಳಿಜಾರಿನಲ್ಲಿ ಓಡಿ, ಗೋಡೆಯ ಕಿಂಡಿಯಿಂದ ಅದೇ ಓಣಿಗೆ ಧುಮುಕುತ್ತದೆ.

ಅಂದು ನಗರಸಭೆ ಚುನಾವಣೆಯ ಮತ ಎಣಿಕೆಯ ದಿನ. ಪೈಪು ಹಿಡಿದ ಈ ಹೆಂಗಸು ವಾರ್ಡಿನ ಅಭ್ಯರ್ಥಿಗಳಲ್ಲಿ ಒಬ್ಬರು. ಎಣಿಕೆಯ ಕೇಂದ್ರಕ್ಕೆ ಹೋಗುವ ಯೋಚನೆ ಅವರಿಗಿಲ್ಲ. ಸೋಲುವುದನ್ನು ನೋಡಲು ಅಷ್ಟು ದೂರ ನಡೆಯಬೇಕೇ ಎಂಬುದು ಅವರ ಪ್ರಶ್ನೆ.

ಊರಿಗೆಲ್ಲ ಅವರು ಪೈಪಕ್ಕ. ಈ ಹೆಸರು ಹೇಗೆ ಬಂತೆಂಬುದಕ್ಕೆ ಎರಡು ಹೇಳಿಕೆಗಳು ಬಳಕೆಯಲ್ಲಿವೆ. ಡಿಪೋದವರು ಹೇಳುವಂತೆ, ಕೀಟಲೆ ಮಾಡಲು ಬಂದ ಚಾಲಕನೊಬ್ಬನನ್ನು ಅವರು ಪೈಪು ತಿರುಗಿಸಿ ಅಡಿಯಿಂದ ಮುಡಿಯವರೆಗೆ ತೋಯಿಸಿದ ದಿನ ಈ ಹೆಸರು ಹುಟ್ಟಿತು. ಓಣಿಯವರು ಹೇಳುವ ಕತೆ ಬೇರೆ: ಹೆಸರಿಟ್ಟವರು ಅವರ ಅತ್ತೆ, ಅದೂ ಬೈಗುಳವಾಗಿ. ಕೇಳಿದರೆ ಪೈಪಕ್ಕ ಎರಡನ್ನೂ ಅಲ್ಲಗಳೆಯುವುದಿಲ್ಲ.

ಮದುವೆಯಾಗಿ ಈ ಓಣಿಗೆ ಬಂದಾಗ ಅವರಿಗೆ ಡಿಪೋ ಎಂದರೆ ಗೋಡೆಯ ಮೇಲೆ ಕಾಣುವ ಬಸ್ಸುಗಳ ತಲೆ, ಅಷ್ಟೆ. ಗಂಡ ಟೈರಿಗೆ ಪಂಕ್ಚರ್ ಹಾಕುವವರು. ಒಂದು ದಿನ ಜಾಕು ಜಾರಿ ಅವರ ಸೊಂಟ ಹಿಡಿಯಿತು. ಬಗ್ಗುವ ಕೆಲಸ ಕೈಬಿಟ್ಟಿತು. ಆಗ ಪೈಪಕ್ಕ ಗೋಡೆಯ ಆಚೆಗೆ ಕೆಲಸ ಕೇಳಲು ಹೋದರು. ರಾತ್ರಿ ಬಂದು ನಿಂತ ನೂರರ ಹತ್ತಿರದ ಬಸ್ಸುಗಳು ಬೆಳಗಿನ ಮೊದಲ ಪಾಳಿಯ ಹೊತ್ತಿಗೆ ಹೊಳೆಯುತ್ತಿರಬೇಕು. ಅದಕ್ಕೆಂದು ಗುತ್ತಿಗೆಯ ಮೇಲೆ ಹೆಂಗಸರ ಒಂದು ತಂಡವಿದೆ. ಒಬ್ಬರಿಗೆ ಗಾಜು, ಒಬ್ಬರಿಗೆ ಗಾಲಿ, ಮತ್ತೊಬ್ಬರಿಗೆ ಸೀಟು. ಆಗಷ್ಟೇ ಬಂದಿದ್ದ ಪೈಪಿನ ಭಾರ ಹೊರುವವರು ಯಾರೂ ಇರಲಿಲ್ಲ. ಅದು ಹೊಸಬರ ಹೆಗಲಿಗೆ ಬಿತ್ತು. ಈಗಲೂ ಅವರ ಬಲಗೈ ಚಳಿಗೆ ಮುಷ್ಟಿ ಬಿಚ್ಚುವುದಿಲ್ಲ; ಬಿಸಿ ಟೀಯ ಲೋಟಕ್ಕೆ ಒತ್ತಿ ಹಿಡಿದು ಬೆರಳು ಬಿಡಿಸಿಕೊಳ್ಳುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ಅವರು ಬಿಟ್ಟ ನೀರಿನಲ್ಲಿ ಅತ್ತೆಯ ಚಪ್ಪಲಿ ತೇಲಿಕೊಂಡು ದೊಡ್ಡ ರಸ್ತೆ ಸೇರಿತು. ಮರುದಿನದಿಂದ ಹಾರ್ನ್ ಶುರುವಾಯಿತು. ನೀರು ಬರುವುದನ್ನು ತಡೆಯುವ ಅಧಿಕಾರ ಪೈಪಕ್ಕನಿಗಿರಲಿಲ್ಲ. ಬರುತ್ತಿದೆ ಎಂದು ಕೂಗಿ ಹೇಳಬಹುದಿತ್ತು. ಅಂದಿನಿಂದ ಓಣಿ ಏಳುವುದು, ಹೊಸ್ತಿಲು ತೆರವು ಮಾಡುವುದು, ಮಕ್ಕಳ ಹಾಸಿಗೆಯನ್ನು ಬಾಗಿಲಿನಿಂದ ದೂರ ಎಳೆಯುವುದು ಎಲ್ಲವೂ ಆ ಹಾರ್ನಿನ ಮಾತಿನಂತೆ.

ಹಳೆಯ ಮೆಂಬರಿಗೆ ಓಣಿಯವರು ಹೇಳದ ಮಾತಿಲ್ಲ. ಅವರು ಓಣಿಯ ಬಾಯಿಯವರೆಗೆ ಬಂದು, ಬೂಟು ನೋಡಿಕೊಂಡು, ಅಲ್ಲಿಂದಲೇ ಕೈ ಮುಗಿದು ಹೋಗುತ್ತಿದ್ದರು. ಈ ಸಲ ಓಣಿಯಿಂದಲೇ ಯಾರಾದರೂ ನಿಲ್ಲಲಿ ಎಂಬ ಮಾತು ಬಂದಾಗ ಇಸ್ತ್ರಿ ಅಂಗಡಿಯ ಅಣ್ಣ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, “ಪೈಪಕ್ಕ ನಿಲ್ಲಲಿ” ಎಂದರು.

“ಅಣ್ಣಾ, ಆಡ್ಕೊಳ್ಳೋಕೂ ಒಂದು ಮಿತಿ ಇರ್ಲಿ. ನಿಮ್ಮನೆಗೆ ನೀರು ಬಿಡೋಳು ನಾನು!”

“ಬಿಡೋದು ಎಲ್ಲರೂ ಬಿಡ್ತಾರೆ. ಹೇಳಿ ಬಿಡೋಳು ನೀನೊಬ್ಬಳೇ.”

ಪೈಪಕ್ಕ ಕೊಟ್ಟ ಭರವಸೆ ಒಂದೇ: ಗೋಡೆಯ ಆ ಕಿಂಡಿಯನ್ನು ಮುಚ್ಚಿಸುತ್ತೇನೆ. ಅತ್ತೆ ಮಾತ್ರ ಕೊನೆಯವರೆಗೂ ಪಟ್ಟು ಸಡಿಲಿಸಲಿಲ್ಲ. “ಚಪ್ಪಲಿ ತೇಲಿಸಿದವಳಿಗೆ ನಾನಂತೂ ಹಾಕಲ್ಲ” ಎಂದವರು, ಹೇಳಿದಂತೆಯೇ ನಡೆದುಕೊಂಡರು.

ಫಲಿತಾಂಶ ಬಂದಾಗ ಪೈಪಕ್ಕ ಅಂಗಳದಲ್ಲಿ ಪೈಪು ಸುತ್ತಿಡುತ್ತಿದ್ದರು. ಕಾವಲುಗಾರ ಓಡಿ ಬಂದು ಗೆದ್ದಿರೆಂದು ಹೇಳಿದಾಗ, “ಯಾರು?” ಎಂದು ಕೇಳಿದರು. ನೀವೇ ಎಂದಾಗ ಮತ್ತೆ “ಯಾರು?” ಎಂದರು. ಕೂಡಿದ ಜನ ಚಪ್ಪಾಳೆ ತಟ್ಟಿದರೂ ಅವರು ಗರಬಡಿದವರಂತೆ ಸುತ್ತಿದ ಪೈಪಿನ ಮೇಲೆಯೇ ಕುಳಿತುಬಿಟ್ಟರು. ಹಳೆಯ ಮೆಂಬರಿಗೆ ಠೇವಣಿಯೂ ಉಳಿದಿರಲಿಲ್ಲ. ಮನೆಗೆ ಹೋದರೆ ಅತ್ತೆಯದು ಇನ್ನೊಂದು ಬೆರಗು: “ನಾನು ಹಾಕಲೇ ಇಲ್ವಲ್ಲೇ! ನಾನು ಹಾಕದೆ ಹೇಗೆ ಗೆದ್ದೆ?”

ಸಂಜೆ ತಂಡದ ಹೆಂಗಸರೆಲ್ಲ ಮನೆಗೆ ಬಂದರು. ಗಾಜು ಒರೆಸುವವರು, ಅಂದರೆ ಗಾಜಿನಕ್ಕ, ಅಪ್ಪಣೆ ಮಾಡಿದರು: “ನಾಳೆ ಅಂಗಳದಲ್ಲಿ ನಿನ್ನ ಮುಖ ಕಾಣಬಾರದು. ಮೆಂಬರಮ್ಮ ಮಲಗಲಿ. ನಿನ್ನ ಪಾಲಿನದೂ ನಾವೇ ತೊಳೀತೀವಿ, ಬೇಗ ಬಂದು ಶುರು ಹಚ್ಕೋತೀವಿ.” ಎಷ್ಟೋ ವರ್ಷಗಳ ಮೇಲೆ ಪೈಪಕ್ಕ ಎಚ್ಚರದ ಚಿಂತೆಯಿಲ್ಲದೆ ಮಲಗಿದರು. ಗೆಲುವಿನ ಗದ್ದಲದಲ್ಲಿ ದಣಿದಿದ್ದ ಓಣಿಯೂ ಮೈಮರೆತು ಮಲಗಿತು.

ಬೆಳಿಗ್ಗೆ ಅವರನ್ನು ಎಬ್ಬಿಸಿದ್ದು ಬೆನ್ನಿಗೆ ತಾಗಿದ ತಣ್ಣನೆಯ ನೀರು.

ಕಣ್ಣು ಬಿಟ್ಟರೆ ಚಾಪೆಯ ಅಂಚು ಎದ್ದು ತೇಲುತ್ತಿದೆ. ಬಾಗಿಲ ಸಂದಿನಿಂದ ಕಪ್ಪು ನೀರು ನಾಲಗೆ ಚಾಚಿದಂತೆ ಒಳಗೆ ಬರುತ್ತಿದೆ. ಅದರ ಮೇಲೆ ಎಣ್ಣೆಯ ಬಣ್ಣ ಹೊಳೆಯುತ್ತಿದೆ. ಅತ್ತೆ ಮಂಚದ ಮೇಲೆ ಕಾಲು ಮಡಿಚಿ ಕುಳಿತು ಕಿರುಚುತ್ತಿದ್ದಾರೆ. ಪೈಪಕ್ಕ ಬಾಗಿಲು ತೆರೆದು ಬರಿಗಾಲಲ್ಲಿ ಹೊರಗೆ ನಿಂತವರು ಹಾಗೆಯೇ ನಿಂತುಬಿಟ್ಟರು. ಇಷ್ಟು ವರ್ಷಗಳಲ್ಲಿ ಆ ಹೊತ್ತಿಗೆ ಅವರು ಒಂದು ದಿನವೂ ಮನೆಯಲ್ಲಿದ್ದವರಲ್ಲ. ತಾವು ಬಿಡುವ ನೀರು ಓಣಿಗೆ ಬಂದು ಸೇರುವುದನ್ನು ಅವರು ಕೆಳಗೆ ನಿಂತು ಎಂದೂ ನೋಡಿರಲಿಲ್ಲ.

“ಮೇಲಿಂದ ನೋಡಿದ್ರೆ ಅದು ಕಿಂಡಿಗೆ ಹೋಗೋ ನೀರು, ಅಷ್ಟೇ” ಎನ್ನುತ್ತಾರೆ ಪೈಪಕ್ಕ. “ಹಾರ್ನ್ ಹೊಡೆದೆ, ಚಪ್ಪಲಿ ಎತ್ಕೊಂಡ್ರು, ಮುಗೀತು ಅಂದ್ಕೊಂಡಿದ್ದೆ. ಗೋಡೆ ಅಷ್ಟೆತ್ತರಕ್ಕೆ ಒದ್ದೆ ಆಗುತ್ತೆ ಅಂತ ಯಾರೂ ಹೇಳಿರಲಿಲ್ಲ. ನಾನು ಮನೆಗೆ ಬರೋ ಹೊತ್ತಿಗೆ ಅತ್ತೆ ಒರೆಸಿಬಿಟ್ಟಿರ್ತಿದ್ರು. ದಿನಾ ಒರೆಸಿದಾರೆ. ಬೈದಿದಾರೆ, ಆದ್ರೆ ಒರೆಸಿದೀನಿ ಅಂತ ಒಂದು ದಿನಾನೂ ಹೇಳಿಲ್ಲ.”

ಇಸ್ತ್ರಿ ಅಣ್ಣ ಆಸ್ಪತ್ರೆಗೆ ಕೊಡಬೇಕಿದ್ದ ಬಿಳಿ ಕೋಟುಗಳ ಗಂಟನ್ನು ಎದೆಗೆ ಅವುಚಿಕೊಂಡು ಬಂದರು. ಗಂಟಿನಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಅವರು ಕೂಗಾಡಲಿಲ್ಲ.

“ಮೆಂಬರ್ ಮೇಡಂ, ನಂದು ಮೊದಲನೇ ದೂರು. ಯಾರ ಮೇಲೆ ಕೊಡ್ಲಿ, ನೀವೇ ಹೇಳಿ.”

ಪೈಪಕ್ಕ ಅಂಗಳಕ್ಕೆ ಓಡಿದರು. ಗಾಜಿನಕ್ಕ ಪೈಪು ಹಿಡಿದು ಹಾಡು ಗುನುಗುತ್ತಿದ್ದರು. ಹಾರ್ನ್ ಯಾಕೆ ಹೊಡೆಯಲಿಲ್ಲ ಎಂದು ಕೇಳಿದ್ದಕ್ಕೆ ಅವರು ಪಿಳಿಪಿಳಿ ಕಣ್ಣು ಬಿಟ್ಟರು.

“ಹಾರ್ನ್ ಯಾಕೆ? ನಾವೆಲ್ಲ ಆಗಲೇ ಬಂದಿದ್ವಲ್ಲ!”

ತಂಡದಲ್ಲಿ ಆ ಓಣಿಯವರು ಪೈಪಕ್ಕ ಒಬ್ಬರೇ. ಉಳಿದವರು ಊರಿನ ಆಚೆ ದಿಕ್ಕಿನಿಂದ ಬರುವವರು. ಬೆಳಗಿನ ಹಾರ್ನ್ ತಮ್ಮನ್ನು ಕೆಲಸಕ್ಕೆ ಕರೆಯುವ ಕೂಗೆಂದೇ ಅವರು ಅಷ್ಟೂ ಕಾಲ ತಿಳಿದಿದ್ದರು. ಅದು ಕೇಳಿದ ಕೂಡಲೇ ಡಿಪೋ ಗೇಟಿನ ಬಳಿ ಟೀ ಲೋಟ ಕೆಳಗಿಟ್ಟು ಎದ್ದು ಬರುತ್ತಿದ್ದರು. ನೀರು ಕಿಂಡಿಯಿಂದ ಎಲ್ಲಿಗೆ ಹೋಗುತ್ತದೆಂದು ಯಾರೂ ಬಗ್ಗಿ ನೋಡಿರಲಿಲ್ಲ. ಹೇಳಿದರೆ ಮಾಡುವ ಕೈಗಳು ಹಿಂಜರಿದಾವೆಂದು ಪೈಪಕ್ಕನೂ ಹೇಳಿರಲಿಲ್ಲ. ಗಾಜಿನಕ್ಕ ಗೋಡೆಯ ಮೇಲಿಂದ ಕೆಳಗೆ ಇಣುಕಿದರು. ಹೆಂಗಸರು ಬಕೆಟ್ಟಿನಲ್ಲಿ ಮನೆಯ ನೀರು ಹೊರಕ್ಕೆ ಚೆಲ್ಲುತ್ತಿದ್ದರು. ಗಾಜಿನಕ್ಕನ ಕೈಯಿಂದ ಪೈಪು ಜಾರಿತು.

ಡಿಪೋ ಸಾಹೇಬರು ಅಂದು ಮೊದಲ ಬಾರಿಗೆ ಪೈಪಕ್ಕನಿಗೆ ಕುರ್ಚಿ ತೋರಿಸಿದರು. ಬಟ್ಟೆ ಒದ್ದೆಯೆಂದು ಅವರು ಕೂರಲಿಲ್ಲ. ಸಾಹೇಬರ ಮಾತು ನಯವಾಗಿಯೇ ಇತ್ತು: “ಕಿಂಡಿ ಮುಚ್ಚಿಸಬೇಕಾ ಮೇಡಂ? ಧಾರಾಳವಾಗಿ ಮುಚ್ಚಿಸಿ, ಅದು ನಗರಸಭೆಯದು, ನೀವೀಗ ನಗರಸಭೆಯವರು. ಆಚೆ ಡಿಪೋದಲ್ಲಿ ಬಸ್ಸು ತೊಳೆಯೋ ಯಂತ್ರ ಬಂದಿದೆ. ಬಸ್ಸುಗಳನ್ನ ಅಲ್ಲಿಗೇ ಕಳಿಸ್ತೀನಿ. ಆಗ ನಿಮ್ಮ ತಂಡದ ಅವಶ್ಯಕತೆ ನನಗಿರಲ್ಲ. ಅದನ್ನೂ ಯೋಚನೆ ಮಾಡಿ.”

ಮತ ಕೇಳುವಾಗ ಇದು ಹೊಳೆದಿರಲಿಲ್ಲ ಎನ್ನುತ್ತಾರೆ ಪೈಪಕ್ಕ. ಕಿಂಡಿ ತೆರೆದಿದ್ದರೆ ಓಣಿ ಮುಳುಗುತ್ತದೆ, ಮುಚ್ಚಿದರೆ ಜೊತೆಯವರ ಒಲೆ ಆರುತ್ತದೆ.

ಅಂದೇ ಮಧ್ಯಾಹ್ನ ಅವರು ತಂಡದವರನ್ನು ಓಣಿಗೆ ಕರೆದುಕೊಂಡು ಬಂದರು. ಸಾಹೇಬರು ಹೇಳಿದ್ದನ್ನು ಇಸ್ತ್ರಿ ಅಂಗಡಿಯ ಮುಂದೆ ಎರಡೂ ಕಡೆಯವರಿಗೆ ಒಟ್ಟಿಗೇ ಹೇಳಿದರು. ಬಳಿಕ ಪೈಪಕ್ಕ ತಮ್ಮ ತೀರ್ಮಾನ ತಿಳಿಸಿದರು: ಬೇರೆ ದಾರಿ ಆಗುವವರೆಗೆ ಪೈಪು ಮುಟ್ಟುವುದಿಲ್ಲ, ಬಕೆಟ್ಟು, ಬಟ್ಟೆಗಳಿಂದಲೇ ಬಸ್ಸು ಒರೆಸೋಣ, ಕೊಳೆ ನೀರನ್ನು ಅಂಗಳದಾಚೆಯ ಗುಂಡಿಗೆ ಹೊತ್ತು ಚೆಲ್ಲೋಣ.

“ಊರಲ್ಲಿ ಗೆದ್ದೋರು ಜನರಿಗೆ ಏನೇನೋ ಕೊಡ್ತಾರಂತೆ” ಎಂದರು ಗಾಜಿನಕ್ಕ. “ನಮ್ಮೋಳು ಬಕೆಟ್ಟು ಕೊಟ್ಲು ನೋಡ್ರೇ!” ನಕ್ಕವರ ಪೈಕಿ ಅತ್ತೆಯೂ ಇದ್ದರು. ಗಾಲಿ ತೊಳೆಯುವವರು ನಗಲಿಲ್ಲ. ಮೊಣಕಾಲು ನೋವಿನ ಅವರು ಅಲ್ಲಿಂದಲೇ ಎದ್ದು ಹೋದವರು ಇಂದಿಗೂ ಪೈಪಕ್ಕನ ಜೊತೆ ಮಾತು ಬಿಟ್ಟಿದ್ದಾರೆ.

ಇದೀಗ ಬೆಳಗಿನ ಅಂಗಳದಲ್ಲಿ ಬುಸುಗುಟ್ಟುವ ನೀರಿಲ್ಲ. ಒದ್ದೆ ಬಟ್ಟೆ ತಗಡಿಗೆ ಉಜ್ಜುವ ಸದ್ದು ಮಾತ್ರ. ಕೆಲಸ ನಿಧಾನ. ಒಂದೆರಡು ಬಸ್ಸುಗಳು ಅರೆ ಮೈ ತೊಳೆದುಕೊಂಡೇ ರಸ್ತೆಗೆ ಬೀಳುತ್ತವೆ. ನಗರಸಭೆಯ ಮೊದಲ ಸಭೆಯವರೆಗೆ ಸಹಿಸಿಕೊಳ್ಳುತ್ತೇನೆ ಎಂದಿದ್ದಾರೆ ಸಾಹೇಬರು.

ಆ ಸಭೆಯಲ್ಲಿ ಪೈಪಕ್ಕ ಕೇಳಲಿರುವುದು ಸಣ್ಣದು: ಡಿಪೋದ ಹಿಂದೆ ಹುಲ್ಲು ಬೆಳೆದು ಬಿದ್ದಿರುವ ನಗರಸಭೆಯ ಜಾಗದಲ್ಲೊಂದು ತೊಟ್ಟಿ. ಕೊಳೆ ಅದರಲ್ಲಿ ತಂಗಿದರೆ ತಿಳಿನೀರು ದೊಡ್ಡ ಚರಂಡಿ ಸೇರುತ್ತದೆ. ಕಿಂಡಿಯೂ ಮುಚ್ಚುತ್ತದೆ, ಪೈಪೂ ಉಳಿಯುತ್ತದೆ. ಸಭೆಯಲ್ಲಿ ಎರಡು ಬಣಗಳಿವೆ, ಬಲ ಸರಿಸಮ. ಎರಡೂ ಕಡೆಯವರು ಪೈಪಕ್ಕನ ಮತ ಕೇಳಿಕೊಂಡು ಮನೆಗೆ ಬಂದು ಹೋಗಿದ್ದಾರೆ. ತೊಟ್ಟಿಯ ಮಾತೆತ್ತಿದಾಗ ಇಬ್ಬರೂ “ನೋಡೋಣ” ಎಂದರು. ಗೆಲ್ಲುವ ಸಾಧ್ಯತೆ ಎಷ್ಟೆಂದು ಪೈಪಕ್ಕನಿಗೆ ತಿಳಿಯದು. ಗೆದ್ದಿದ್ದೇ ಇನ್ನೂ ನಂಬಿಕೆಯಾಗಿಲ್ಲ ಎನ್ನುವಾಗ ಅವರ ಕಣ್ಣಲ್ಲಿ ಆ ದಿನದ ದಿಗಿಲು ಹಾಗೆಯೇ ಇದೆ.

“ಸಭೆಯಲ್ಲಿ ಎದ್ದು ನಿಂತು ಏನು ಹೇಳ್ತೀಯೇ?” ಎಂದು ಅತ್ತೆ ದಿನಕ್ಕೊಮ್ಮೆ ಕೇಳುತ್ತಾರೆ. ಪೈಪಕ್ಕ ಹಿಂಡುತ್ತಿರುವ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ, ನೇರ ನಿಂತು, ಸಭೆಯೇ ಎದುರಿಗಿದ್ದಂತೆ ಹೇಳುತ್ತಾರೆ:

“ನಮ್ಮ ಓಣಿ ಕೊಳೆ ಆಗಿದ್ದು ನಮ್ಮ ನೀರಿಂದ. ನಿಮ್ಮ ಊರಿನ ಬಸ್ಸು ಹೊಳೆದಿದ್ದು ನಮ್ಮ ಕೈಯಿಂದ. ಎರಡನ್ನೂ ಬರ್ಕೊಳ್ಳಿ. ಆಮೇಲೆ ಕೈ ಎತ್ತಿ.”