ನೋಟಿಸಿನ ಜೊತೆ ಬಂದ ಫೋಟೊ

ಲಕೋಟೆಯ ಮೇಲೆ ನನ್ನ ಗಂಡನ ಹೆಸರಿತ್ತು. ಅವರು ತೀರಿಕೊಂಡು ಮೂರು ವಾರವಾಗಿತ್ತು. ರೇನರ್ಸ್ ಲೇನ್‌ನ ಅಂಗಡಿಯೊಂದರ ಮುಂದೆ ಅವಧಿ ಮೀರಿ ಕಾರು ನಿಲ್ಲಿಸಿದ್ದಕ್ಕೆ ಖಾಸಗಿ ಪಾರ್ಕಿಂಗ್ ಕಂಪನಿ ಕಳಿಸಿದ್ದ ದಂಡದ ನೋಟಿಸು. ಜೊತೆಗಿದ್ದ, ಹಿಂದಿನ ವಾರದ ತಾರೀಕಿನ ಮಸುಕು ಫೋಟೊದಲ್ಲಿ ಸ್ಟಿಯರಿಂಗ್ ಹಿಡಿದವಳು ನಾನು. ಪಕ್ಕದ ಸೀಟಿನಲ್ಲಿ ಅವರ ಕಂದು ಕೋಟು ತೊಟ್ಟು, ಬೆಲ್ಟ್ ಹಾಕಿಕೊಂಡು ಯಾರೋ ಕುಳಿತಿದ್ದರು. ತಲೆ ನನ್ನ ಕಡೆಗೆ ವಾಲಿತ್ತು.

ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆಮೇಲೆ ನೆನಪಾಯಿತು. ಅಂದು ಚಿತಾಗಾರದಿಂದ ಅಸ್ಥಿಯ ಡಬ್ಬಿ ತರುವಾಗ, ಉರುಳದಿರಲೆಂದು ಅವರ ಕೋಟು ಸುತ್ತಿ ಬೆಲ್ಟ್ ಬಿಗಿದಿದ್ದೆ. ಅಸ್ಥಿಯನ್ನು ಮನೆಯೊಳಗೆ ತರಬಾರದು. ನಮ್ಮದೋ ನಾಲ್ಕನೇ ಮಹಡಿಯ ಫ್ಲಾಟು. ಗೆಳತಿಯೊಬ್ಬಳು ತನ್ನ ಹಿತ್ತಲ ಶೆಡ್ಡಿನಲ್ಲಿಡಲು ಒಪ್ಪುವವರೆಗೆ ಎರಡು ಗಂಟೆ ಆ ಅಂಗಡಿಯ ಮುಂದೆ ಕಾರಿನಲ್ಲೇ ಕುಳಿತಿದ್ದೆ.

ಮಗಳು ಫೋಟೊ ನೋಡಿದಳು. “ತಲೆ ಅಲ್ಲಮ್ಮ, ಹೆಡ್‌ರೆಸ್ಟ್ ಅದು. ದುಡ್ಡು ಕಟ್ಬೇಡ, ಅಪೀಲ್ ಮಾಡು. ಡೆತ್ ಸರ್ಟಿಫಿಕೇಟ್ ಹಾಕಿ, ಆವತ್ತು ಅಪ್ಪ ಕಾರಲ್ಲಿ ಇರ್ಲಿಲ್ಲ ಅಂತ ಒಂದು ಲೈನ್ ಬರಿ, ಸಾಕು.”

ಆ ಒಂದು ಸಾಲು ಬರೆಯಲು ಕುಳಿತೆ. ಆಗಲಿಲ್ಲ. ದಂಡ ಕಟ್ಟಿ ಫೋಟೊ ಇಟ್ಟುಕೊಂಡೆ. ನಮ್ಮ ಕಾರಿನ ಹೆಡ್‌ರೆಸ್ಟನ್ನು ಎಷ್ಟೋ ಸಲ ಹಿಡಿದು ನೋಡಿದ್ದೇನೆ. ಅದು ಯಾವ ಕಡೆಗೂ ವಾಲುವುದಿಲ್ಲ.