ಪೇಪರಿನಲ್ಲಿ ಸುತ್ತಿಟ್ಟ ಬ್ಲೇಡು

ಅಥವಾ ನನ್ನ ಅಂಗಳದ ಹುಲ್ಲು ಅಷ್ಟೇನೂ ಕೆಟ್ಟಿರಲಿಲ್ಲವೋ ಏನೋ, ಆಮೇಲೆ ನಾನೇ ಸೇರಿಸಿಕೊಂಡೆನೋ. ಅಲ್ಲಲ್ಲಿ ಬೋಳು, ಅಲ್ಲಲ್ಲಿ ಜುಟ್ಟು ಎಂದು ಬರೆದರೆ ವಾಕ್ಯ ನನಗಿಂತ ಖಚಿತವಾಗಿ ಮಾತಾಡುತ್ತದೆ. ಇಷ್ಟಂತೂ ನಿಜ: ನಿಜಲಿಂಗಪ್ಪ ಬಡಾವಣೆಯಲ್ಲಿ ನಾನೂ ಪಕ್ಕದ ಮನೆಯವರೂ ಸೇರಿ ಹುಲ್ಲು ಕತ್ತರಿಸುವ ಒಂದೇ ಯಂತ್ರ ಕೊಂಡಿದ್ದೆವು. ಅವರ ಅಂಗಳ ಚಾಪೆ ಹಾಸಿದ ಹಾಗೆ ಸಮ. ಅದೇ ಯಂತ್ರ ನನ್ನ ಕಡೆ ಬಂದರೆ ಹೀಗೆ.

"ಕೈ ನಡುಗತೈತೇನೋ ನೋಡ್ಕಳ್ರಿ" ಎಂದು ಅವರು ಗೋಡೆಯಾಚೆಯಿಂದ ನಕ್ಕರು. ನಂಬಿದೆ. ಕಾಫಿ ಲೋಟ ಹಿಡಿದಾಗಲೂ ಬೆರಳು ನೋಡಿಕೊಳ್ಳತೊಡಗಿದೆ. ಪಿ.ಜೆ. ಬಡಾವಣೆಯ ಡಾಕ್ಟರ ಮುಂದೆ ಎರಡೂ ಕೈ ಚಾಚಿ ಕೂತೆ. ಸ್ಕೂಟರಿನಲ್ಲಿ ಕರೆದೊಯ್ದದ್ದು ಪಕ್ಕದ ಮನೆಯವರೇ. ಡಾಕ್ಟರು ಏನೂ ಇಲ್ಲ ಎಂದರು.

ಆಮೇಲೆ ಯಂತ್ರದ ಕಡೆ ತಿರುಗಿದೆ. ವರಾಂಡದ ಟೈಲ್ಸ್ ಮೇಲೆ ನಿಲ್ಲಿಸಿ ನಾಲ್ಕೂ ಚಕ್ರದ ಎತ್ತರ ಸ್ಕೇಲಿನಿಂದ ಅಳೆದೆ, ಸರಿಯಿತ್ತು. ಅಡಿಯಲ್ಲಿ ಮೆತ್ತಿದ್ದ ಹುಲ್ಲು ಕೆರೆದು ತೆಗೆದೆ. ಕೊನೆಗೆ ಬ್ಲೇಡು ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಹರಿಹರದ ಲೇತ್ ಅಂಗಡಿಗೆ ಒಯ್ದೆ. ಎಲ್ಲರೂ ಚಾಚಾ ಎನ್ನುವ ಅಲ್ಲಿನ ಮುದುಕರು ಅದನ್ನು ಮಟ್ಟಸವಾದ ಕಬ್ಬಿಣದ ಹಲಗೆಯ ಮೇಲಿಟ್ಟರು. ಒಂದು ತುದಿ ಕಿರುಬೆರಳಿನ ದಪ್ಪದಷ್ಟು ಎದ್ದು ನಿಂತಿತು.

"ಈ ಚುಕ್ಕಿ ನಾನೇ ಹಾಕಿದ ಗುರುತು. ಹೋದ್ ತಿಂಗಳು ಬಂದಿತ್ತಲ್ರಿ ಇದು. ಬಾಗೈತೆ, ಹಾಕಬ್ಯಾಡ್ರಿ ಅಂದಿದ್ದೆ. ತಂದಿದ್ದ ಸಾಹೇಬ್ರು ಹೊಸದು ಒಯ್ದ್ರು. ಅದನ್ನ ಬಿಟ್ಟು ಇದನ್ನ ಯಾಕ ಹಾಕ್ಕಂಡ್ರಿ?"

ಪ್ರತಿ ವಾರ ಯಂತ್ರ ನನ್ನ ಗೇಟಿಗೆ ಬರುವ ಮುಂಚೆ ಯಾರೋ ಕೂತು ನಟ್ಟು ಬಿಚ್ಚಿ, ಹೊಸ ಬ್ಲೇಡು ತೆಗೆದು ಈ ಬಾಗಿದ್ದನ್ನು ಹಾಕಿ, ಮತ್ತೆ ಬಿಗಿಮಾಡಿದ್ದರು. ಚಾಚಾ ಅಂಗಡಿಯಿಂದ ನಾನೂ ಹೊಸದೊಂದು ತಂದು ಹಾಕಿದೆ. ಹುಲ್ಲು ಸಮ ಬಂತು. ಸಂತೋಷವಾಗಲಿಲ್ಲ.

ಕೇಳಿದಾಗ ಪಕ್ಕದ ಮನೆಯವರು ಸುಳ್ಳು ಹೇಳಲಿಲ್ಲ. ಒಳಗಿಂದ ಪೇಪರಿನಲ್ಲಿ ಸುತ್ತಿಟ್ಟ ಬ್ಲೇಡು ತಂದು ತೋರಿಸಿದರು. ಎಣ್ಣೆ ಹಚ್ಚಿತ್ತು.

"ಹಳೇದನ್ನ ಬಾಗಿಸಿದ್ದು ನೀವಲ್ವೇನ್ರಿ. ಕಲ್ಲಿಗೆ ಬಡಿದ ಸದ್ದು ನಮ್ಮನೆತನಕ ಕೇಳ್ತು. ಹೇಳ್ತೀರೇನೋ ಅಂತ ಕಾದೆ."

"ಡಾಕ್ಟರ ಹತ್ರ ಕರ್ಕಂಡು ಹೋದ್ರಲ್ಲ, ಅವಾಗಾದ್ರೂ ಹೇಳಬೋದಿತ್ತು."

"ನೀವೂ ಹೇಳಬೋದಿತ್ತು."

ಈಗ ಎದುರಾದರೆ ಇಬ್ಬರೂ ತಲೆಯಾಡಿಸುತ್ತೇವೆ, ಅಷ್ಟೇ. ಡಾಕ್ಟರ ಬಾಗಿಲಲ್ಲಿ ಅವರು ಎಲ್ಲ ಗೊತ್ತಿದ್ದೂ ಅಷ್ಟು ಹೊತ್ತು ಕೂತಿದ್ದರು, ಅದನ್ನು ನಾನು ಮರೆಯಲಾರೆ. ಆದರೆ ಕಲ್ಲಿಗೆ ಬಡಿದ ಆ ಸದ್ದು ನನಗೂ ನೆನಪಿದೆ. ಅವರು ಹೇಳಿದ ಮೇಲೆ ನೆನಪಾಯಿತೋ, ಮೊದಲೇ ಇತ್ತೋ ತಿಳಿಯದು. ಸದ್ದು ಗೋಡೆಯ ಯಾವ ಕಡೆಯಿಂದ ಬಂದಿತ್ತೋ, ಬ್ಲೇಡು ಬಾಗಿದ್ದು ಯಾರ ಅಂಗಳದಲ್ಲೋ ನನಗೆ ಗೊತ್ತಿಲ್ಲ.