ಹತ್ತೇ ಪಟ್ಟಿನ ಕೂದಲು

ಮೊನ್ನೆ ನನ್ನ ಲ್ಯಾಬಿನ ಮೂಲೆಯಲ್ಲಿದ್ದ ಮರದ ಪೆಟ್ಟಿಗೆಯ ಬಾಗಿಲು ತೆಗೆದೆ. ಮೂಗಿಗೆ ಬಡಿದದ್ದು ಸೀಡರ್ ಎಣ್ಣೆಯ ವಾಸನೆ... ಮೈಕ್ರೋಸ್ಕೋಪಿನಲ್ಲಿ ತೀರ ಸಣ್ಣದನ್ನು ನೋಡಬೇಕಾದಾಗ ಸ್ಲೈಡಿನ ಮೇಲೆ ಒಂದು ಹನಿ ಹಾಕುತ್ತಿದ್ದ ಎಣ್ಣೆ ಅದು. ಒಳಗೆ ಆ ಹಳೆಯ ಮೈಕ್ರೋಸ್ಕೋಪು ತಲೆ ಬಗ್ಗಿಸಿ ನಿಂತಿತ್ತು. ಅದನ್ನು ಮುಟ್ಟಲು ಕೈ ಸ್ವಲ್ಪ ಹೊತ್ತು ಒಪ್ಪಲೇ ಇಲ್ಲ.

ತೊಂಬತ್ತರ ದಶಕದ ಮಾತು. ಬಸವನ ಬಾಗೇವಾಡಿಯ ಒಂದು ಸಣ್ಣ ದವಾಖಾನೆಯ ಹಿಂದಿನ ಕೋಣೆಯೇ ಲ್ಯಾಬು. ಅದನ್ನು ನಡೆಸುತ್ತಿದ್ದವರನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ನಲವತ್ತು ದಾಟಿದ್ದರೂ ಸೊಂಟದುದ್ದ ಕಪ್ಪು ಜಡೆ. ಆಗಷ್ಟೇ ಕೋರ್ಸು ಮುಗಿಸಿದ್ದ ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿ, ಇಂಗಳೇಶ್ವರದಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಸರ್ಟಿಫಿಕೇಟು ಇದೆಯಲ್ಲ, ಎಲ್ಲ ಗೊತ್ತೆಂಬ ಸೊಕ್ಕು ಬೇರೆ.

ಆ ಮೈಕ್ರೋಸ್ಕೋಪಿನಲ್ಲಿ ಒಂದು ಸಲಕ್ಕೆ ಒಬ್ಬರೇ ಕಣ್ಣಿಡಬೇಕು. "ಅಲ್ಲೈತಿ ನೋಡು" ಎಂದು ಅವರು ಎದ್ದರೆ, ನಾನು ಕೂತು ಹುಡುಕಿ ಹುಡುಕಿ ಸುಸ್ತಾಗುತ್ತಿದ್ದೆ. ಒಂದು ದಿನ ಅಕ್ಕಾರು ಬೇಸತ್ತು, ತಮ್ಮ ಜಡೆಯ ತುದಿಯಿಂದ ಒಂದೆಳೆ ಕತ್ತರಿಸಿ, ಕಣ್ಣಿಡುವ ಮೇಲಿನ ಐಪೀಸಿನ ಒಳಗೆ ನೇಲ್ ಪಾಲಿಶ್ ಹಚ್ಚಿ ಅಂಟಿಸಿಬಿಟ್ಟರು. ದುಂಡನೆಯ ಬೆಳಕಿನೊಳಗೆ ಅದು ಕಪ್ಪು ಬೆರಳಿನ ಹಾಗೆ ಚಾಚಿಕೊಂಡಿತು.

"ಇನ್ನ ಕೂದಲ ತುದಿಗಿ ನೋಡು. ಕೆಳಗಿನ ಲೆನ್ಸ್ ಬದಲ ಮಾಡು, ಏನ್ ಕಾಣತೈತಿ?"

ಹತ್ತರ ಲೆನ್ಸಿನಿಂದ ನಲವತ್ತಕ್ಕೆ ತಿರುಗಿಸಿದೆ. ರಕ್ತದ ಕಣಗಳು ಉಬ್ಬಿ ಬಂದವು. ಕೂದಲು ಮಾತ್ರ ಇದ್ದಷ್ಟೇ ಇತ್ತು.

"ಕೂದಲ ಬೆಳೀಲಿಲ್ಲಲ್ರಿ ಅಕ್ಕಾರ!"

"ಹೆಂಗ್ ಬೆಳದೀತು, ಹುಚ್ಚಿ? ಕೆಳಗಿಂದು ನಲವತ್ತು, ಮ್ಯಾಲಿಂದು ಹತ್ತು. ಗುಣಿಸಿದ್ರ ರಕ್ತ ನಾಕನೂರು ಪಟ್ಟು. ಎಣ್ಣಿ ಹಾಕಿ ನೂರರ ಲೆನ್ಸ್ ಇಟ್ರ ಸಾವಿರ. ಕೂದಲ ಮ್ಯಾಲ ಕುಂತೈತಿ, ಅದು ಯಾವತ್ತೂ ಹತ್ತ ಪಟ್ಟು." ಆಮೇಲೆ ದನಿ ತಗ್ಗಿಸಿ ಹೇಳಿದರು: "ಸಂಶಯ ಬಂತಂದ್ರ ಐಪೀಸ್ ತಿರುಗಿಸು. ಅದರ ಜೋಡಿ ತಿರುಗಿದ್ದು ನಮ್ಮ ಕಸ. ತಿರುಗಲಾರದ್ದು ರೋಗಿದು."

ಆ ಕೂದಲಿಗೆ ಹೊಂದಿಕೊಳ್ಳಲು ನನಗೆ ದಿನಗಳೇ ಬೇಕಾದವು. ಯಾರ ರಕ್ತ ಇಟ್ಟರೂ ಮೊದಲು ಅದೇ ಕಾಣುತ್ತಿತ್ತು. ಅಕ್ಕಾರು ಊಟಕ್ಕೆ ಮನೆಗೆ ಹೋದಾಗಲೂ ಅವರದೊಂದು ತುಂಡು ಒಳಗೆ ಕೂತಿದೆ ಎನ್ನಿಸಿ, ಕಣ್ಣು ತೆಗೆದು ಹಿಂದಕ್ಕೆ ತಿರುಗಿ ನೋಡುತ್ತಿದ್ದೆ.

ಮಳೆಗಾಲ ಮುಗಿದು ಊರಲ್ಲಿ ಜ್ವರ ಹಬ್ಬಿತ್ತು. ಒಂದು ಸಂಜೆ ಅಕ್ಕಾರಿಗೇ ನಡುಕ ಹತ್ತಿತು. ತಾವೇ ಬೆರಳು ಚುಚ್ಚಿಕೊಂಡು ಸ್ಲೈಡು ಮಾಡಿ, ಬಣ್ಣ ಹಾಕಿ ನನ್ನ ಮುಂದಿಟ್ಟರು.

"ನೀನ ನೋಡು ತಂಗಿ. ನಂದು ನಾ ನೋಡಿದ್ರ ಕಣ್ಣು ಸುಳ್ಳ ಹೇಳತಾವ."

ಐದರ ಬಸ್ಸಿಗೆ ಹತ್ತೇ ನಿಮಿಷವಿತ್ತು. ಸುಡಲಿ ಆ ಬಸ್ಸು! ಎಣ್ಣೆ ಹಾಕಿದರೆ ಮತ್ತೆ ಲೆನ್ಸು ಒರೆಸುತ್ತ ಕೂರಬೇಕು... ನಾಕನೂರರಲ್ಲೇ ಸರಸರ ನೋಡಿದೆ. ಕೊನೆಗೆ ಕೂದಲ ತುದಿಯ ಮುಂದೆ ನೇರಳೆ ಚುಕ್ಕೆಯೊಂದು ಕಂಡಿತು. ಐಪೀಸಿನ ಧೂಳು ಎಂದುಕೊಂಡೆ. ತಿರುಗಿಸಲಿಲ್ಲ.

"ಏನೂ ಇಲ್ರಿ ಅಕ್ಕಾರ."

"ಎಣ್ಣಿ ಹಾಕಿದ್ದೇನು?"

"ಹೂನ್ರಿ."

ಅವರು ನಂಬಿದರು. ನನ್ನ ಮಾತಿನ ಮೇಲೆ ಡಾಕ್ಟರು ಬರೇ ಜ್ವರದ ಗುಳಿಗೆ ಕೊಟ್ಟರು. ಮೂರನೆಯ ದಿನ ಅಕ್ಕಾರಿಗೆ ಯಾರ ಗುರುತೂ ಹತ್ತಲಿಲ್ಲವಂತೆ. ವಿಜಾಪುರಕ್ಕೆ ಒಯ್ದರು. ಅಲ್ಲಿಂದ ಬಂದದ್ದು ಅವರ ಹೆಣ.

ಲ್ಯಾಬಿನ ಕೀಲಿ ಅವರ ಬಳಿಯೇ ಇದ್ದುದರಿಂದ ಅಷ್ಟೂ ದಿನ ಅದು ಮುಚ್ಚಿತ್ತು. ಮಣ್ಣಾದ ಮರುದಿನ ಕೀಲಿ ನನ್ನ ಕೈಗೆ ಬಂತು. ಅವರ ಸ್ಲೈಡು ನಾನು ಬಿಟ್ಟುಹೋದ ಹಾಗೆಯೇ ಕ್ಲಿಪ್ಪಿನಡಿ ಕೂತಿತ್ತು. ಕಣ್ಣಿಟ್ಟೆ. ಬೀಗ ಹಾಕಿದ ಆ ಕೋಣೆಯಲ್ಲಿ, ನೋಡುವವರಿಲ್ಲದೆ, ಕೂದಲು ಅದೇ ಚುಕ್ಕೆಯನ್ನು ತೋರಿಸುತ್ತ ನಿಂತಿತ್ತು. ಐಪೀಸು ತಿರುಗಿಸಿದೆ. ಕೂದಲು ಜೊತೆಗೇ ತಿರುಗಿತು. ಚುಕ್ಕೆ ಇದ್ದಲ್ಲೇ ಇತ್ತು.

ಎಣ್ಣೆ ಹಾಕಿದೆ. ಸಾವಿರ ಪಟ್ಟಿನಲ್ಲಿ ಚುಕ್ಕೆ ಉಂಗುರವಾಯಿತು. ಉಂಗುರಕ್ಕೊಂದು ಕೆಂಪು ಹರಳು. ಮಲೇರಿಯಾ. ಪಕ್ಕದ ಕಣದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು... ರಕ್ತವೂ ಅವರದು, ಕೂದಲೂ ಅವರದು. ನಾನು ದೆವ್ವ ಪಿಶಾಚಿ ನಂಬುವವಳಲ್ಲ. ಆದರೂ ಆವತ್ತು ಕೋಣೆಯಿಂದ ಓಡಿ ಹೊರಬಿದ್ದೆ. ಅವರ ಮನೆಯವರಿಗೆ ಇದನ್ನು ಇಂದಿಗೂ ಹೇಳಿಲ್ಲ.

ದವಾಖಾನೆ ಮುಚ್ಚಿದಾಗ ಆ ಮೈಕ್ರೋಸ್ಕೋಪನ್ನು ನಾನೇ ಕೇಳಿ ತಂದಿದ್ದೆ. ತಂದವಳು ತೆರೆದಿರಲಿಲ್ಲ. ಮೊನ್ನೆ ಅದನ್ನು ಕಿಟಕಿಯ ಬಳಿ ಇಟ್ಟು, ಕನ್ನಡಿಯನ್ನು ಬೆಳಕಿಗೆ ಹಿಡಿದು, ಸ್ಲೈಡಿಲ್ಲದೆ ಕಣ್ಣಿಟ್ಟೆ. ಕೂದಲು ಇತ್ತು. ನನ್ನ ತಲೆ ನೆರೆತಿದೆ. ಅದು ಇನ್ನೂ ಕಪ್ಪಗಿದೆ. ಹತ್ತು, ನಲವತ್ತು, ನೂರು... ಯಾವ ಲೆನ್ಸಿಗೂ ಬೆಳೆಯದೆ, ಖಾಲಿ ಬೆಳಕಿನಲ್ಲಿ ಏನನ್ನೋ ತೋರಿಸುತ್ತಿತ್ತು.

"ಏನೂ ಇಲ್ರಿ ಅಕ್ಕಾರ" ಎಂಬ ಮಾತು ಬಾಯಿಗೆ ಬಂತು. ನುಂಗಿಕೊಂಡೆ. ಮೊದಲು ಐಪೀಸು ತಿರುಗಿಸಿದೆ.